ಮದುವೆ ವಿಡಿಯೋ ಎಡಿಟಿಂಗ್‌ಗೆ ಹೊಸ ಲ್ಯಾಪ್‌ಟಾಪ್ ಬೇಕು, ಧನುರ್ಮಾಸ ಮುಗಿಯೋದರೊಳಗೆ ತಗೋಬೇಕು

ತಿಪಟೂರು ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡಿ ನಾನೇ ಎಡಿಟ್ ಮಾಡಿಕೊಡುತ್ತೇನೆ. ಇರುವ ಲ್ಯಾಪ್‌ಟಾಪ್ 2017ರದ್ದು. ಐ7-7700ಎಚ್‌ಕ್ಯೂ, 16 ಜಿಬಿ ರ್ಯಾಮ್, ಜಿಟಿಎಕ್ಸ್ 1050. ಆಗ ಸಾಲ ಮಾಡಿ ತಗೊಂಡಿದ್ದೆ, ಚೆನ್ನಾಗಿಯೇ ದುಡಿದಿದೆ. ಆದರೆ ಹೋದ ವರ್ಷದಿಂದ ಟೈಮ್‌ಲೈನ್ ಪ್ಲೇ ಒತ್ತಿದರೆ ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ತಾಳಿ ಕಟ್ಟುವ ಶಾಟ್‌ನಲ್ಲಿ ಗಂಡಿನ ಕೈ ಹುಡುಗಿಯ ಕತ್ತಿನ ಹತ್ತಿರ ಹೋಗಿ ಅಲ್ಲೇ ನಿಂತಿರುತ್ತೆ, ಗಟ್ಟಿಮೇಳ ಮಾತ್ರ ಮುಂದೆ ಓಡುತ್ತಾ ಇರುತ್ತೆ.

ಡೆಸ್ಕ್‌ಟಾಪ್ ಆಗಲ್ಲ. ನಮ್ಮ ಕಡೆ ಈಗ ಹೊಸ ಕಾಟ ಶುರುವಾಗಿದೆ. ರಾತ್ರಿ ಆರತಕ್ಷತೆ, ಬೆಳಿಗ್ಗೆ ಮುಹೂರ್ತ. ಎರಡನ್ನೂ ಸೇರಿಸಿ ಮೂರು ನಿಮಿಷದ ಹೈಲೈಟ್ ಮಾಡಿ, ಊಟದ ಪಂಕ್ತಿ ಏಳುವ ಮುಂಚೆ ಎಲ್‌ಇಡಿ ಪರದೆ ಮೇಲೆ ಹಾಕಬೇಕಂತೆ. ಛತ್ರದ ರೂಮಲ್ಲಿ ಕೂತು ಮಾಡುವ ಕೆಲಸ ಅದು.

ಎಡಿಟಿಂಗ್ ಎಡಿಯಸ್ ಸಾಫ್ಟ್‌ವೇರ್‌ನಲ್ಲಿ, ಕಲರ್‌ಗೆ ಡಾವಿಂಚಿ ರಿಸಾಲ್ವ್, ಉಚಿತ ಆವೃತ್ತಿ. ಬಜೆಟ್ 1.2 ಲಕ್ಷ, ಎಳೆದಾಡಿದರೆ 1.3. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ಅಂತಾರೆ, ಬಾಮೈದ ಮ್ಯಾಕ್ ಅಂತಾನೆ. ಸಂಕ್ರಾಂತಿ ಆದ ಮೇಲೆ ಮದುವೆಗಳು ಸಾಲಾಗಿ ಇವೆ, ಉಸಿರಾಡಲೂ ಪುರುಸೊತ್ತಿರಲ್ಲ. ದಯವಿಟ್ಟು ಹೇಳಿ.

(ಟಚ್‌ಪ್ಯಾಡ್ ಕೂಡ ಹೋಗಿದೆ. ಎಡಗಡೆ ಸ್ವಲ್ಪ ಮೇಲೆದ್ದಿದೆ, ಒತ್ತಿದರೆ ಕ್ಲಿಕ್ ಆಗಲ್ಲ. ಮೌಸ್ ಹಾಕಿಕೊಂಡು ಓಡಿಸುತ್ತಿದ್ದೇನೆ.)

ಹುಬ್ಬಳ್ಳಿ ಮಂದಿ:
ಮ್ಯಾಕ್ ತಗೋರಿ. ಮುಗೀತು.

ಗೇಮರ್ ಗುಂಡ:
ಆರ್‌ಟಿಎಕ್ಸ್ 4060 ಇರೋ ಯಾವುದಾದ್ರೂ ಕಣ್ಣು ಮುಚ್ಚಿ ತಗೊಳ್ಳಿ ಅಣ್ಣ. ನಿಮ್ಮ 1050 ಸತ್ತು ಸ್ವರ್ಗ ಸೇರಿ ಯಾವ ಕಾಲ ಆಯ್ತು. ಗ್ರಾಫಿಕ್ಸ್ ಕಾರ್ಡ್ ಬದಲಾದರೆ ಎಲ್ಲ ಸರಿ ಹೋಗುತ್ತೆ. ನನ್ನ ಹತ್ತಿರ 4060 ಇದೆ, 4ಕೆ ವಿಡಿಯೋ ನೀರು ಕುಡಿದ ಹಾಗೆ ಓಡುತ್ತೆ.

ಎಡಿಟರಕ್ಕ:
ಲ್ಯಾಪ್‌ಟಾಪ್ ಆಮೇಲೆ. ಮೊದಲು ಮೂರು ಪ್ರಶ್ನೆ. ಕ್ಯಾಮೆರಾ ಯಾವುದು? ಯಾವ ಸೆಟ್ಟಿಂಗ್‌ನಲ್ಲಿ ರೆಕಾರ್ಡ್ ಮಾಡ್ತೀರಿ? "ಹೋದ ವರ್ಷದಿಂದ" ಅಂದಿರಲ್ಲ, ಹೋದ ವರ್ಷ ಏನು ಬದಲಾಯಿತು?

ರಿಪೇರಿ ರಾಜಣ್ಣ:
ಸ್ವಾಮಿ, ಟಚ್‌ಪ್ಯಾಡ್ ಎದ್ದಿದೆ ಅಂದ್ರಲ್ಲ, ಅದು ಟಚ್‌ಪ್ಯಾಡ್ ದೋಷ ಅಲ್ಲ. ಕೆಳಗಿರೋ ಬ್ಯಾಟರಿ ಊದಿಕೊಂಡಿದೆ. ಹಪ್ಪಳ ಉಬ್ಬಿದ ಹಾಗೆ ಉಬ್ಬಿ ಮೇಲಕ್ಕೆ ತಳ್ಳುತ್ತಿದೆ. ಇವತ್ತೇ ಚಾರ್ಜ್ ಹಾಕೋದು ನಿಲ್ಲಿಸಿ. ಒತ್ತಿ ಕೂರಿಸೋಕೆ ಹೋಗಬೇಡಿ, ಚೂಪಾದ್ದರಲ್ಲಿ ಮೀಟಬೇಡಿ, ತೂತಾದರೆ ಬೆಂಕಿ. ಬಲ್ಲವರ ಹತ್ತಿರ ಬಿಚ್ಚಿಸಿ ಬ್ಯಾಟರಿ ಹೊರಗೆ ತೆಗೆಸಿ. ಬಹಳಷ್ಟು ಮಾಡೆಲ್ ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರ್ ಮೇಲೂ ಓಡುತ್ತವೆ. ತೆಗೆದದ್ದನ್ನು ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಕಳೆದ ತಿಂಗಳು ಒಬ್ಬರು ಇದೇ ಥರದ್ದನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಲ್ಲಿ ತಂದಿದ್ದರು. ನೋಡಿ ನನಗೆ ಬೆವರು ಬಂತು.

ತಿಪಟೂರು ಸ್ಟುಡಿಯೋ:
@ರಿಪೇರಿ ರಾಜಣ್ಣ ಅಯ್ಯೋ, ಇದು ಗೊತ್ತೇ ಇರಲಿಲ್ಲ. ರಾತ್ರಿ ಎಲ್ಲ ರೆಂಡರ್‌ಗೆ ಹಾಕಿ ಪಕ್ಕದಲ್ಲೇ ಮಲಗುತ್ತಿದ್ದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ.

@ಎಡಿಟರಕ್ಕ ಮೊದಲು ಸೋನಿ ಎ7 III ಇತ್ತು. ಹೋದ ವರ್ಷ ಎ7 IV ತಗೊಂಡೆ. ಎಕ್ಸ್‌ಎವಿಸಿ ಎಚ್‌ಎಸ್ 4ಕೆ, 50ಪಿ (ಸೆಕೆಂಡಿಗೆ 50 ಫ್ರೇಮ್), 4:2:2 10 ಬಿಟ್, 200 ಎಂಬಿಪಿಎಸ್. ಯೂಟ್ಯೂಬಲ್ಲಿ ಒಬ್ಬರು ಇದೇ ಬೆಸ್ಟ್ ಅಂದಿದ್ದರು, ಹಾಕಿದವನು ಮತ್ತೆ ಮುಟ್ಟಿಲ್ಲ.

ಕೊಬ್ಬರಿ ಮಂಡಿ:
ತಿಪಟೂರಿನವರಾ? ಈ ವರ್ಷ ಕೊಬ್ಬರಿ ರೇಟು ನೋಡಿದರೆ ನೀವು ಎರಡು ಮ್ಯಾಕ್ ತಗೋಬಹುದು.

ತಿಪಟೂರು ಸ್ಟುಡಿಯೋ:
ನಮ್ಮದು ತೋಟ ಇಲ್ಲ ಸ್ವಾಮಿ. ತೋಟದವರ ಮಕ್ಕಳ ಮದುವೆ ಇದೆ, ಅಷ್ಟೇ.

ಎಡಿಟರಕ್ಕ:
ಸಿಕ್ಕಿತು. ನಿಮ್ಮ ಲ್ಯಾಪ್‌ಟಾಪ್‌ಗೆ ವಯಸ್ಸಾಗಿರೋದು ನಿಜ, ಆದರೆ ಹೋದ ವರ್ಷ ಅದನ್ನು ಮಲಗಿಸಿದ್ದು ಕ್ಯಾಮೆರಾ.

ಎ7 III 8 ಬಿಟ್, 4:2:0 ಎಚ್.264 ಕೊಡುತ್ತಿತ್ತು. ಎಚ್.264, ಎಚ್.265 ಅಂದರೆ ವಿಡಿಯೋ ಹಿಂಡಿ ಚಿಕ್ಕದು ಮಾಡುವ ವಿಧಾನ. 4:2:0, 4:2:2 ಅಂದರೆ ಬಣ್ಣದ ವಿವರ ಎಷ್ಟು ಉಳಿಸುತ್ತೆ ಅನ್ನೋದು, 4:2:2ರಲ್ಲಿ ಜಾಸ್ತಿ. ಅದನ್ನು ಬಿಡಿಸೋಕೆ, ಅಂದರೆ ಡಿಕೋಡ್ ಮಾಡೋಕೆ, ಎಲ್ಲ ಚಿಪ್‌ನಲ್ಲೂ ಪ್ರತ್ಯೇಕ ಜಾಗ ಇದೆ. ಈಗ ನೀವು ಹಾಕಿರೋದು ಎಚ್.265 (ಸೋನಿಯವರ ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಅದೇ), 4:2:2, 10 ಬಿಟ್. ಎರಡು ಕಾಟ ಒಟ್ಟಿಗೆ.

ಒಂದು, ಎಚ್.265 ಹೇಗೆ ಬರೆಯುತ್ತೆ ಅನ್ನೋದು. ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಬರೆಯೋರನ್ನ ನೋಡಿದ್ದೀರಲ್ಲ. ಮೊದಲ ಸಾಲಲ್ಲಿ ಊರು, ಬೀದಿ, ಮನೆತನ ಎಲ್ಲ ಪೂರ್ತಿ. ಆಮೇಲೆ ಅದೇ ಊರಿನವರು ಬಂದರೆ ಕೆಳಗೆ ಬರೀ ಚುಕ್ಕೆ ಎಳೆದು "ಮೇಲಿನಂತೆ". ಜಾಗ ಉಳಿಯಿತು. ಆದರೆ ನಲವತ್ತನೇ ಸಾಲಿನವರ ಊರು ಯಾವುದು ಅಂತ ಕೇಳಿದರೆ ಬೆರಳಿಟ್ಟು ಮೇಲಿನವರೆಗೂ ಹೋಗಬೇಕು. ನೀವು ಟೈಮ್‌ಲೈನ್ ಮಧ್ಯೆ ಕ್ಲಿಕ್ ಮಾಡಿದಾಗಲೆಲ್ಲ ಲ್ಯಾಪ್‌ಟಾಪ್ ಮಾಡೋದು ಇದನ್ನೇ.

ಎರಡು, 4:2:2. ಎನ್‌ವಿಡಿಯಾದ ಹಳೇ ಕಾರ್ಡುಗಳು, 40 ಸರಣಿ ಸೇರಿ, ಎಚ್.265 10 ಬಿಟ್ 4:2:0 ಬಿಡಿಸುತ್ತವೆ. 4:2:2 ಅಂದ ಕೂಡಲೇ ಕೈ ಎತ್ತುತ್ತವೆ. 2025ರಲ್ಲಿ ಬಂದ 50 ಸರಣಿಯಲ್ಲಿ ಮೊದಲ ಸಲ ಸೇರಿಸಿದ್ದಾರೆ. ಇಂಟೆಲ್ ಪ್ರೊಸೆಸರ್ ಒಳಗಿರೋ ಡಿಕೋಡ್ ಭಾಗ ಕ್ವಿಕ್ ಸಿಂಕ್‌ನಲ್ಲಿ 11ನೇ ತಲೆಮಾರಿನಿಂದಲೇ ಇದೆ. ಆಪಲ್‌ನಲ್ಲಿ ಎಂ1 ಕಾಲದಿಂದ ಇದೆ. ನಿಮ್ಮ 7700ಎಚ್‌ಕ್ಯೂ 7ನೇ ತಲೆಮಾರು, 1050 ಕೂಡ ಅದೇ ಕಾಲದ್ದು. ಎರಡಕ್ಕೂ ಬರಲ್ಲ. ಹಾಗಾಗಿ ಎಲ್ಲ ಭಾರ ಆ ನಾಲ್ಕು ಕೋರ್ ಮೇಲೆ ಬಿದ್ದಿದೆ.

ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಒತ್ತಿ. ವಿಡಿಯೋ ಡಿಕೋಡ್ ಅಂತ ಒಂದು ಗ್ರಾಫ್ ಇರುತ್ತೆ. ಕ್ಲಿಪ್ ಓಡುವಾಗ ಅದು ನೆಲಕ್ಕೆ ಅಂಟಿಕೊಂಡಿದ್ದು ಸಿಪಿಯು ನೂರು ಮುಟ್ಟಿದ್ದರೆ ನಾನು ಹೇಳಿದ್ದೇ ಸರಿ.

ಗೇಮರ್ ಗುಂಡ:
4060ಗೆ ಡಿಕೋಡ್ ಇಲ್ಲ ಅಂತ ಹೇಳೋದು ಸ್ವಲ್ಪ ಜಾಸ್ತಿ ಆಯ್ತು ಅಕ್ಕ. ನನ್ನದರಲ್ಲಿ ಎಚ್.265 ದಿನಾ ಓಡಿಸ್ತೀನಿ.

ಎಡಿಟರಕ್ಕ:
ಇಲ್ಲ ಅಂದಿಲ್ಲ, 4:2:2 ಇಲ್ಲ ಅಂದೆ. ನೀವು ಓಡಿಸೋದು ಫೋನಿನದ್ದೋ ಗೇಮ್ ರೆಕಾರ್ಡಿಂಗೋ ಇರಬೇಕು, ಅವು 4:2:0. ಯಾರದಾದರೂ ಸೋನಿ ಕ್ಲಿಪ್ ತಂದು ನೋಡಿ.

ಮಲೆನಾಡ ಮಳೆ:
ತೀರ್ಥಹಳ್ಳಿ ಕಡೆಯವನು, ನಾನೂ ಮದುವೆ ಶೂಟ್ ಮಾಡ್ತೇನೆ. ಒಂದು ಅನುಮಾನ. ಎ7 IVನಲ್ಲಿ 4ಕೆ 50ಪಿ ಹಾಕಿದರೆ ಚಿತ್ರ ಕ್ರಾಪ್ ಆಗುತ್ತಲ್ಲ ಮಾರಾಯ್ರೇ? ಛತ್ರದ ಸಣ್ಣ ಮಂಟಪದಲ್ಲಿ ಅರ್ಧ ನೆಂಟರು ಫ್ರೇಮಿನ ಹೊರಗೆ ಹೋಗ್ತಾರೆ. ಇಡೀ ಧಾರೆಗೆ 50ಪಿ ಯಾಕೆ ಬೇಕು?

ತಿಪಟೂರು ಸ್ಟುಡಿಯೋ:
ಸ್ಲೋ ಮೋಷನ್ನಿಗೆ. ಅಕ್ಷತೆ ಬೀಳೋದು, ಹುಡುಗಿ ನಗೋದು. ಯಾವ ಶಾಟ್ ಬೇಕಾಗುತ್ತೋ ಗೊತ್ತಾಗಲ್ಲ ಅಂತ ಎಲ್ಲವನ್ನೂ 50ಪಿನಲ್ಲೇ ತೆಗೀತೀನಿ.

ಮಲೆನಾಡ ಮಳೆ:
ಪುರೋಹಿತರು ಮುಕ್ಕಾಲು ಗಂಟೆ ಮಂತ್ರ ಹೇಳೋದನ್ನೂ ಸ್ಲೋ ಮೋಷನ್ ಮಾಡ್ತೀರಾ? ಅದು ಈಗಲೇ ಸಾಕಷ್ಟು ಸ್ಲೋ ಇರ್ತದೆ.

ಎಡಿಟರಕ್ಕ:
ಹಹ. ಮಳೆ ಅವರು ಹೇಳಿದ್ದು ಸರಿ. ಈಗ ದುಡ್ಡು ಖರ್ಚಿಲ್ಲದ ಒಂದು ಕೆಲಸ ಹೇಳ್ತೀನಿ. ಕ್ಯಾಮೆರಾ ಮೆನುಗೆ ಹೋಗಿ. ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲೇ ರೆಕಾರ್ಡ್ ಸೆಟ್ಟಿಂಗ್ ಒಳಗೆ 4:2:0 10 ಬಿಟ್, 150 ಎಂಬಿಪಿಎಸ್ ಅಂತ ಇದೆ. ಅದನ್ನು ಹಾಕಿ ಎರಡು ನಿಮಿಷ ಶೂಟ್ ಮಾಡಿ ಹಳೇ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಿ. ಅದನ್ನು ನಿಮ್ಮ 1050 ಕೂಡ ಬಿಡಿಸುತ್ತೆ. 10 ಬಿಟ್ ಹಾಗೇ ಉಳಿಯುತ್ತೆ, ಕಲರ್ ಎಳೆದಾಡಿದರೆ ಒಡೆಯಲ್ಲ. 4:2:2ರ ಲಾಭ ಗ್ರೀನ್ ಸ್ಕ್ರೀನ್ ಥರದ ಕೆಲಸದಲ್ಲಿ ಕಾಣೋದು. ಮದುವೆ ಮನೆಯಲ್ಲಿ ಯಾರೂ ಹುಡುಕಲ್ಲ.

ಧಾರೆ, ಮಂತ್ರ, ಆಶೀರ್ವಾದದ ಸಾಲು ಇವಕ್ಕೆ 25ಪಿ ಸಾಕು. ಬೇಕಾದರೆ ಎಕ್ಸ್‌ಎವಿಸಿ ಎಸ್-ಐ ಹಾಕಿ. ಅದರಲ್ಲಿ "ಮೇಲಿನಂತೆ" ಇಲ್ಲ, ಪ್ರತಿ ಫ್ರೇಮೂ ಪೂರ್ತಿ ಬರೆದಿರುತ್ತೆ, ಎಡಿಟ್ ಮಾಡೋಕೆ ಹಗುರ. ಆದರೆ 250 ಎಂಬಿಪಿಎಸ್, ಗಂಟೆಗೆ 112 ಜಿಬಿ ನುಂಗುತ್ತೆ.

ಹುಬ್ಬಳ್ಳಿ ಮಂದಿ:
ಇಷ್ಟೆಲ್ಲ ಯಾಕ್ರಿ ತಲಿ ಕೆಡಿಸ್ಕೋತೀರಿ? ಮ್ಯಾಕ್ ತಗೊಂಡ್ರ 4:2:2 ಸುಮ್ನ ಓಡ್ತದ. ನಾ ಎಂ1 ಏರ್ ಇಟ್ಕೊಂಡು ನಾಕು ವರ್ಷ ಆತು. ಬ್ಯಾಟರಿ ಮ್ಯಾಲ ಇದ್ರೂ ಅಷ್ಟೇ ಸ್ಪೀಡ್, ಪ್ಲಗ್ಗಿಗೆ ಹಾಕಿದ್ರೂ ಅಷ್ಟೇ. ಗೇಮಿಂಗ್ ಲ್ಯಾಪ್‌ಟಾಪ್ ಪ್ಲಗ್ ತೆಗೆದ ಕೂಡ್ಲೆ ಅರ್ಧ ಜೀವ ಹೋಗ್ತದ. ಅಡಾಪ್ಟರ್ ನೋಡೀರೇನು? ಇಟ್ಟಂಗಿ ಇದ್ದಂಗ ಇರ್ತದ.

ಎಡಿಯಸ್ ಭಕ್ತ:
ಎಡಿಯಸ್ ಮ್ಯಾಕಿಗೆ ಬರಲ್ಲ. ಅದು ವಿಂಡೋಸ್‌ಗೆ ಮಾತ್ರ. ಇದನ್ನು ಯಾರೂ ಹೇಳಲೇ ಇಲ್ಲವಲ್ಲ. ಮ್ಯಾಕ್ ತಗೊಂಡರೆ ಅವರ ಹಳೇ ಪ್ರಾಜೆಕ್ಟು, ಟೈಟಲ್, ಟೆಂಪ್ಲೇಟು ಎಲ್ಲ ಬಿಟ್ಟು ಹೊಸದಾಗಿ ಅ ಆ ಇ ಈ ಕಲಿಯಬೇಕು. ಹೋದ ವರ್ಷದ ಮದುವೆಯವರು ಬಂದು "ಅಣ್ಣ, ಮಾವನ ಹೆಸರು ತಪ್ಪಾಗಿದೆ, ತಿದ್ದಿಕೊಡಿ" ಅಂದರೆ ಏನು ಮಾಡೋದು?

ಇನ್ನೊಂದು. ಎಡಿಯಸ್ ಹಿಂದಿನಿಂದಲೂ ಇಂಟೆಲ್ ಕ್ವಿಕ್ ಸಿಂಕ್ ನೆಚ್ಚಿಕೊಂಡು ಬಂದಿರೋದು. ಅದಕ್ಕೇ ನಮ್ಮ ಕೆಲಸದವರು ಎಎಮ್‌ಡಿ ಪ್ರೊಸೆಸರ್ ಕಡೆ ಹೋಗಲ್ಲ. ಎಎಮ್‌ಡಿ ಕೆಟ್ಟದ್ದು ಅಂತಲ್ಲ, ಅದರಲ್ಲಿ ಕ್ವಿಕ್ ಸಿಂಕ್ ಇರಲ್ಲ. ಇಂಟೆಲ್ ಪ್ರೊಸೆಸರ್, ಅದರ ಒಳಗಿನ ಗ್ರಾಫಿಕ್ಸ್ ಆನ್ ಇರಬೇಕು. ಕೆಲವರು ಬಯೋಸ್‌ನಲ್ಲಿ ಎನ್‌ವಿಡಿಯಾ ಮಾತ್ರ ಇರಲಿ ಅಂತ ಹಾಕಿ ಇಂಟೆಲ್‌ದನ್ನು ಆಫ್ ಮಾಡಿಬಿಡ್ತಾರೆ, ಆಮೇಲೆ ಸ್ಲೋ ಅಂತ ಅಳ್ತಾರೆ.

ಹುಬ್ಬಳ್ಳಿ ಮಂದಿ:
ಕಲಿಯಾಕ ಧನುರ್ಮಾಸ ಇಲ್ಲೇನ್ರಿ? ತಿಂಗಳು ಖಾಲಿ ಇರ್ತದ. ರಿಸಾಲ್ವ್ ಅವರಿಗೆ ಗೊತ್ತೇ ಅದ, ಅದರಾಗ ಎಡಿಟಿಂಗೂ ಆಗ್ತದ.

ಎಡಿಯಸ್ ಭಕ್ತ:
ತಿಂಗಳು ಖಾಲಿ ಅಂತ ನೀವು ಅಂದುಕೊಂಡಿದ್ದೀರಿ. ಕಾರ್ತಿಕದ ಮದುವೆಗಳ ಎಡಿಟಿಂಗ್ ಯಾರು ಮುಗಿಸ್ತಾರೆ?

ತಿಪಟೂರು ಸ್ಟುಡಿಯೋ:
ನಿಜ. ಮೂರು ಮದುವೆ ಬಾಕಿ ಇವೆ. ಒಬ್ಬರಂತೂ ದಿನಾ ಬೆಳಿಗ್ಗೆ "ಗುಡ್ ಮಾರ್ನಿಂಗ್, ವಿಡಿಯೋ ಆಯ್ತಾ" ಅಂತ ಹೂವಿನ ಚಿತ್ರ ಕಳಿಸ್ತಾರೆ.

ಲಿನಕ್ಸ್ ಲಿಂಗಣ್ಣ:
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. ನಿಮ್ಮ 7ನೇ ತಲೆಮಾರಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ಲಿನಕ್ಸ್ ಹಾಕಿ, ರಿಸಾಲ್ವ್ ಅದರಲ್ಲೂ ಸಿಗುತ್ತೆ. ಸುಮ್ನೆ ಲಕ್ಷ ಯಾಕೆ ಸುರೀತೀರಿ.

ಎಡಿಟರಕ್ಕ:
ಲಿಂಗಣ್ಣ, ಅರ್ಧ ಮಾತ್ರ ಹೇಳ್ತೀರಿ ನೀವು. ಲಿನಕ್ಸ್‌ನ ಉಚಿತ ರಿಸಾಲ್ವ್ ಎಚ್.264, ಎಚ್.265 ತೆಗೆಯೋದೇ ಇಲ್ಲ. ಅವರ ಇಡೀ ಮದುವೆ ಅದರಲ್ಲೇ ಇದೆ.

ಲಿನಕ್ಸ್ ಲಿಂಗಣ್ಣ:
ಹೌದು, ಕನ್ವರ್ಟ್ ಮಾಡಿಕೋಬೇಕು. ಕೆಡೆನ್‌ಲೈವ್ ಆದರೆ ನೇರವಾಗಿ ತಗೊಳ್ಳುತ್ತೆ. ನನ್ನ ಮಗನ ಉಪನಯನ ಅದರಲ್ಲೇ ಮಾಡಿದ್ದು.

ಮಲೆನಾಡ ಮಳೆ:
ಆ ವಟು ಈಗ ಇಂಜಿನಿಯರಿಂಗ್ ಮುಗಿಸಿರಬೇಕು, ವಿಡಿಯೋ ರೆಂಡರ್ ಆಯ್ತಾ?

ನಿರ್ವಾಹಕ:
ವಿಷಯಕ್ಕೆ ಬನ್ನಿ. ಮ್ಯಾಕ್-ವಿಂಡೋಸ್-ಲಿನಕ್ಸ್ ಜಗಳಕ್ಕೆ ಬೇರೆ ಎಳೆ ಇದೆ, ಅದು ಆರು ವರ್ಷದಿಂದ ಮುಗಿದಿಲ್ಲ.

ಆಲ್ಬಂ ಅಣ್ಣ:
ಎಲ್ಲರೂ ಪ್ರೊಸೆಸರ್, ಕಾರ್ಡು ಅಂತಿದ್ದೀರಿ. ನಾನು ಮೋಸ ಹೋದದ್ದು ಪರದೆಯಲ್ಲಿ, ಅದನ್ನು ಹೇಳ್ತೀನಿ.

ಎರಡು ವರ್ಷದ ಹಿಂದೆ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ಕಂಪನಿ ಹೆಸರು ಬೇಡ. 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 45% ಎನ್‌ಟಿಎಸ್‌ಸಿ ಅಂತ ಇತ್ತು. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನೋ ಅಳತೆ ಅದು, ಆಗ ನನಗೇನು ಗೊತ್ತು. ಆ ಪರದೆಯಲ್ಲಿ ಬಣ್ಣ ಎಲ್ಲ ತೊಳೆದ ಹಾಗೆ ಕಾಣುತ್ತೆ. ಹುಡುಗಿದು ಕಡು ಕೆಂಪು ಧರ್ಮಾವರಂ ಸೀರೆ, ನನ್ನ ಪರದೆಯಲ್ಲಿ ಇಟ್ಟಿಗೆ ಬಣ್ಣ. ಇನ್ನೂ ಕೆಂಪು ಬರಲಿ ಅಂತ ಸ್ಯಾಚುರೇಷನ್ ಏರಿಸಿದೆ. ಮುಖ ಪೇಲವ ಕಾಣ್ತಿತ್ತು, ಅದಕ್ಕೂ ಸ್ವಲ್ಪ ಹಳದಿ ಕೊಟ್ಟೆ. ಖುಷಿಯಾಗಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ.

ಅವರು ಮನೆಯಲ್ಲಿ ದೊಡ್ಡ ಟಿವಿಗೆ ಹಾಕಿದ್ದಾರೆ. ಸೀರೆ ಬೆಂಕಿ ಬಿದ್ದ ಹಾಗೆ. ಹುಡುಗಿಯ ತಾಯಿ ಫೋನ್ ಮಾಡಿ "ನನ್ನ ಮಗಳಿಗೆ ಕಾಮಾಲೆ ಬಂದಿದೆಯೇನಪ್ಪ" ಅಂದರು. ಅರಿಶಿಣ ಶಾಸ್ತ್ರದ ಹುಡುಗಿಯನ್ನು ಮುಹೂರ್ತದಲ್ಲೂ ಅರಿಶಿಣದಲ್ಲೇ ಕೂರಿಸಿದ್ದೆ. ಇಡೀ ನಾಲ್ಕು ಗಂಟೆ ವಿಡಿಯೋ ಮತ್ತೆ ಕಲರ್ ಮಾಡಿದೆ, ಪುಕ್ಕಟೆ.

ಎಸ್‌ಆರ್‌ಜಿಬಿ 100% ಅಂತ ಬರೆದಿರೋದನ್ನೇ ತಗೊಳ್ಳಿ. 72% ಎನ್‌ಟಿಎಸ್‌ಸಿ ಅಂದರೂ ಹೆಚ್ಚು ಕಡಿಮೆ ಅದೇ. 45% ಅಂದರೆ ಎದ್ದು ಬನ್ನಿ. ಒಂದೇ ಮಾಡೆಲ್ ಹೆಸರಲ್ಲಿ ಎರಡು ಥರದ ಪರದೆ ಹಾಕಿ ಮಾರ್ತಾರೆ, ಅದಕ್ಕೆ ಮಾಡೆಲ್ ನಂಬರಿನ ಕೊನೆಯ ಅಕ್ಷರಗಳವರೆಗೂ ನೋಡಿ.

ತಿಪಟೂರು ಸ್ಟುಡಿಯೋ:
ನಗು ಬಂತು, ಹೊಟ್ಟೆಯೊಳಗೆ ಚಳುಕೂ ಬಂತು. ನನ್ನ ಹಳೇದರ ಪರದೆ ಯಾವುದು ಅಂತ ಈಗ ನೋಡಿದೆ. 45%. ಎಂಟು ವರ್ಷ ಯಾರೂ ಏನೂ ಹೇಳದೆ ಸಹಿಸಿಕೊಂಡಿದ್ದಾರೆ.

ನ್ಯೂಜೆರ್ಸಿ ಭಾವ:
ಇಲ್ಲಿಂದ ಯಾರಾದರೂ ಬರ್ತಿದ್ದರೆ ತರಿಸಿಕೊಳ್ಳಿ. 18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಸುಂಕ ಇಲ್ಲದೆ ತರಬಹುದು. ನಾನು ಪ್ರತಿ ಸಲ ಯಾರಿಗಾದರೂ ಒಂದು ಹೊತ್ತು ತರ್ತೀನಿ, ಅದಕ್ಕೇ ಈ ಹೆಸರು.

ರಿಪೇರಿ ರಾಜಣ್ಣ:
ಮ್ಯಾಕ್ ಆದರೆ ಪರವಾಗಿಲ್ಲ. ವಿಂಡೋಸ್ ಗೇಮಿಂಗ್ ಲ್ಯಾಪ್‌ಟಾಪ್ ಹೊರಗಿಂದ ತರಿಸಿದರೆ ಎಷ್ಟೋ ಸಲ ಇಲ್ಲಿ ವಾರಂಟಿ ನಡೆಯಲ್ಲ. ಮದರ್‌ಬೋರ್ಡ್ ಹೋಯ್ತು ಅಂದರೆ ಭಾವನನ್ನೇ ಕೇಳಬೇಕು.

ಲೆಕ್ಕದ ಮೇಷ್ಟ್ರು:
ಜಿಎಸ್‌ಟಿ ನೋಂದಣಿ ಇದೆಯಾ? ಇದ್ದರೆ ನಿಮ್ಮ ನಂಬರ್ ಹಾಕಿಸಿಯೇ ಬಿಲ್ ತಗೊಳ್ಳಿ. ಲ್ಯಾಪ್‌ಟಾಪ್ ಮೇಲೆ 18% ತೆರಿಗೆ, ಅದು ಇನ್‌ಪುಟ್ ಆಗಿ ವಾಪಸ್ ಸಿಗುತ್ತೆ. ಸೇವೆಗೆ ವರ್ಷಕ್ಕೆ 20 ಲಕ್ಷದೊಳಗಿದ್ದರೆ ನೋಂದಣಿ ಕಡ್ಡಾಯ ಅಲ್ಲ, ಆಗ ಈ ಲಾಭವೂ ಇಲ್ಲ. ಆದರೂ ಬಿಲ್ ಬೇಕು. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅಂದರೆ ವಾರಂಟಿಗೆ ಅಲೆಯುವಾಗ ನೆನಪಾಗುತ್ತೆ.

ತಿಪಟೂರು ಸ್ಟುಡಿಯೋ:
ನೋಂದಣಿ ಇಲ್ಲ ಮೇಷ್ಟ್ರೇ. ಅಷ್ಟು ದುಡಿದರೆ ಮೊದಲು ನಿಮಗೇ ಹೇಳ್ತೀನಿ.

ಈಗ ಒಂದು ಸುದ್ದಿ. ಬ್ಯಾಟರಿ ತೆಗೆಸಿದೆ. ರಾಜಣ್ಣ ಹೇಳಿದ ಹಾಗೇ, ಹಾಸಿಗೆ ದಿಂಬಿನ ಥರ ಊದಿತ್ತು. ಈಗ ಅಡಾಪ್ಟರ್ ಮೇಲೆ ಓಡ್ತಿದೆ. ಕರೆಂಟು ಕಣ್ಣು ಮಿಟುಕಿಸಿದರೆ ಸಾಕು, ಆಫ್.

ಎಡಿಟರಕ್ಕ ಹೇಳಿದ ಹಾಗೆ 4:2:0 ಹಾಕಿ ನಮ್ಮ ಅಂಗಳದ ತುಳಸಿಕಟ್ಟೆ ಶೂಟ್ ಮಾಡಿ ರಿಸಾಲ್ವ್ ಬಿಟ್ಟು ಬರೀ ಪ್ಲೇಯರ್‌ನಲ್ಲಿ ಓಡಿಸಿದೆ. ಹಳೇ ಕ್ಲಿಪ್: ಸಿಪಿಯು 100, ಡಿಕೋಡ್ ಸೊನ್ನೆ, ಚಿತ್ರ ಕುಂಟುತ್ತೆ. ಹೊಸ ಕ್ಲಿಪ್: ಡಿಕೋಡ್ ಗ್ರಾಫ್ ಎದ್ದು ನಿಂತಿತು, ಸಿಪಿಯು ತಣ್ಣಗಾಯಿತು, ತುಳಸಿ ಎಲೆ ಅಲ್ಲಾಡೋದು ನಿಲ್ಲದೆ ಕಾಣ್ತು. ಒಂದು ವರ್ಷ ಸುಮ್ನೆ ಒದ್ದಾಡಿದೆನಲ್ಲ ಅನಿಸಿತು.

ಆದರೆ ಬಾಕಿ ಮೂರು ಮದುವೆ 4:2:2ನಲ್ಲೇ ಇವೆ. ಅದಕ್ಕೇನು ಮಾಡಲಿ?

ಎಡಿಟರಕ್ಕ:
ಪ್ರಾಕ್ಸಿ. ರಾತ್ರಿ ಮಲಗುವಾಗ ಎಲ್ಲ ಕ್ಲಿಪ್‌ಗೂ ಸಣ್ಣ ಸೈಜಿನ ನಕಲು ಮಾಡೋಕೆ ಹಾಕಿ. ಎಡಿಯಸ್‌ನಲ್ಲೂ ಇದೆ, ರಿಸಾಲ್ವ್‌ನಲ್ಲೂ ಇದೆ. ನಕಲಿನ ಮೇಲೆ ಕಟ್ ಮಾಡಿ, ಕೊನೆಗೆ ಅಸಲಿಗೆ ಬದಲಾಯಿಸಿ ಎಕ್ಸ್‌ಪೋರ್ಟ್. ನಿಧಾನ, ಆದರೆ ಕುಂಟಲ್ಲ. ಕರೆಂಟು ಹೋಗುತ್ತೆ ಅಂದಿರಲ್ಲ, ಸಣ್ಣ ಯುಪಿಎಸ್ ಇದ್ದರೆ ಅದಕ್ಕೆ ಹಾಕಿ.

ಗೇಮರ್ ಗುಂಡ:
ಗೆಳೆಯನ ಹತ್ತಿರ ಸೋನಿ 4:2:2 ಕ್ಲಿಪ್ ತಗೊಂಡು ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ನೋಡಿದೆ. ಓಡಿತು. ಖುಷಿಯಾಗಿ ಟಾಸ್ಕ್ ಮ್ಯಾನೇಜರ್ ತೆಗೆದರೆ, ಡಿಕೋಡ್ ಮಾಡ್ತಿರೋದು ಇಂಟೆಲ್‌ನ ಪುಟ್ಟ ಗ್ರಾಫಿಕ್ಸು. ನನ್ನ 4060 ಪಕ್ಕದಲ್ಲಿ ಕೈ ಕಟ್ಟಿ ಕೂತಿತ್ತು. ಮಾತು ವಾಪಸ್ ತಗೊಂಡೆ ಅಕ್ಕ. 4060 ಮಾತ್ರ ವಾಪಸ್ ಕೊಡಲ್ಲ.

ಎಡಿಟರಕ್ಕ:
ಕೊಡಬೇಡಿ. ಕಲರ್, ಎಫೆಕ್ಟ್ ಎಲ್ಲ ಅದೇ ಮಾಡೋದು. ರಿಸಾಲ್ವ್ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿರುತ್ತೆ. 4ಕೆಗೆ 8 ಜಿಬಿ ವಿರ್ಯಾಮ್ (ಕಾರ್ಡಿನದೇ ಮೆಮೊರಿ) ಇದ್ದರೆ ನೆಮ್ಮದಿ, 4050ರ 6 ಜಿಬಿಯಲ್ಲಿ ಕೆಲವು ಸಲ ಮೆಮೊರಿ ಸಾಲದು ಅಂತ ಬೈಯುತ್ತೆ.

ಎಸ್ ಪಿ ರೋಡ್ ಸುತ್ತಾಟ:
ರ್ಯಾಮ್ ಬಗ್ಗೆ ಒಂದು ಮಾತು. ಈಗ ಮೆಮೊರಿ ಬೆಲೆ ಹುಚ್ಚು ಹಿಡಿದ ಹಾಗೆ ಏರ್ತಿದೆ. ಎಐ ಡೇಟಾ ಸೆಂಟರ್‌ಗಳಿಗೇ ಎಲ್ಲ ಚಿಪ್ ಹೋಗ್ತಿವೆ. ಕ್ರೂಷಲ್ ಅಂತ ನಾವೆಲ್ಲ ಹಾಕಿಸ್ತಿದ್ದ ರ್ಯಾಮ್ ಇದೆಯಲ್ಲ, ಮೈಕ್ರಾನ್‌ನವರು ಆ ವ್ಯಾಪಾರವನ್ನೇ ಬಿಡ್ತೀವಿ ಅಂತ 2025ರ ಡಿಸೆಂಬರಲ್ಲಿ ಹೇಳಿದ್ದಾರೆ. ಆಮೇಲೆ ಹಾಕಿಸೋಣ ಅಂತ 16 ಜಿಬಿಗೆ ನಿಂತರೆ ಆಮೇಲಿನ ಬೆಲೆ ಎದೆ ಒಡೆಯುತ್ತೆ. ಕಡೇ ಪಕ್ಷ ಎರಡು ಸ್ಲಾಟ್ ಇರೋದು, ಒಂದು ಖಾಲಿ ಇರೋದು ನೋಡಿ. ಬೆಸುಗೆ ಹಾಕಿದ ರ್ಯಾಮ್ ಬೇಡವೇ ಬೇಡ.

ಕೊಳ್ಳೋಕೆ ಹೋಗುವಾಗ ನಿಮ್ಮ ಕ್ಯಾಮೆರಾದ ನಾಲ್ಕು ಕ್ಲಿಪ್ ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ಅವರ ಡೆಮೋ ವಿಡಿಯೋ ತೋರಿಸಿ ಮರುಳು ಮಾಡ್ತಾರೆ, ಅದು ಯಾವುದರಲ್ಲಾದರೂ ಓಡುತ್ತೆ.

ಹುಬ್ಬಳ್ಳಿ ಮಂದಿ:
ಎಂ4 ಏರ್ 2025ರ ಮಾರ್ಚ್‌ನ್ಯಾಗ ಬಂದಾಗ 99,900 ಇತ್ತು, 16 ಜಿಬಿ. ನಿಮ್ಮ ಬಜೆಟ್ಟಿನ್ಯಾಗೇ ಬರ್ತದ. ಸುಮ್ನ ಹೇಳಾಕತ್ತೀನಿ.

ಎಡಿಯಸ್ ಭಕ್ತ:
256 ಜಿಬಿ ಡಿಸ್ಕ್ ಅಂತಲೂ ಹೇಳಿ. ಅವರ 200 ಎಂಬಿಪಿಎಸ್ ಲೆಕ್ಕದಲ್ಲಿ ಗಂಟೆಗೆ 90 ಜಿಬಿ. ಆರತಕ್ಷತೆ ಮುಗಿಯೋದರೊಳಗೆ ಡಿಸ್ಕ್ ತುಂಬಿರುತ್ತೆ, ಮುಹೂರ್ತ ಫೋನಲ್ಲಿ ತೆಗೀಬೇಕು. ಏರ್‌ಗೆ ಫ್ಯಾನೂ ಇಲ್ಲ, ಉದ್ದ ರೆಂಡರ್ ಹಾಕಿದರೆ ಕಾದು ನಿಧಾನ ಆಗುತ್ತೆ.

ಹುಬ್ಬಳ್ಳಿ ಮಂದಿ:
ಹೊರಗಿನ ಎಸ್‌ಎಸ್‌ಡಿ ಅಂತ ಒಂದು ಇರ್ತದ್ರಿ, ಕೇಳೀರೇನು?

ಆಲ್ಬಂ ಅಣ್ಣ:
ಛತ್ರದಲ್ಲಿ ಹೊರಗಿನ ಎಸ್‌ಎಸ್‌ಡಿ ಅಂದಾಗ ನೆನಪಾಯ್ತು. ಯಾರೋ ಮಗು ಬಂದು ವೈರ್ ಎಳೆದು ಎಡಿಟ್ ಮಧ್ಯದಲ್ಲಿ ಡಿಸ್ಕ್ ಕಿತ್ತುಕೊಂಡು ಹೋಯ್ತು ಒಮ್ಮೆ. ವೈರನ್ನು ಲ್ಯಾಪ್‌ಟಾಪ್ ಬೆನ್ನಿಗೆ ಟೇಪ್ ಹಾಕಿ ಅಂಟಿಸಿ. ತಮಾಷೆಗಲ್ಲ.

ಮಲೆನಾಡ ಮಳೆ:
ಕಾರ್ಡ್ ಮಾತ್ರ ಅವತ್ತೇ ಫಾರ್ಮ್ಯಾಟ್ ಮಾಡಬೇಡಿ. ಎರಡು ಕಡೆ ಕಾಪಿ ಆದ ಮೇಲೆಯೇ. ಒಂದೇ ಹಾರ್ಡ್‌ಡಿಸ್ಕ್ ನಂಬಿ ನಾನೊಂದು ಸೀಮಂತ ಪೂರ್ತಿ ಕಳೆದುಕೊಂಡವನು. ಮದುವೆಯಾದರೆ ಇನ್ನೊಮ್ಮೆ ಹಾರ ಹಾಕಿಸಿ ಎರಡು ಶಾಟ್ ತೆಗೀಬಹುದು. ಮಗು ಹುಟ್ಟಿದ ಮೇಲೆ ಸೀಮಂತ ಹೇಗೆ ಮಾಡಿಸ್ಲಿ?

ತಿಪಟೂರು ಸ್ಟುಡಿಯೋ:
ನಿನ್ನೆ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಎಸ್ ಪಿ ರೋಡಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೊದಲನೇ ಕಡೆ "ಎಡಿಟಿಂಗಾ? ಐ9 ತಗೊಳ್ಳಿ" ಅಂದರು. ಪರದೆ ಎಷ್ಟು ಎಸ್‌ಆರ್‌ಜಿಬಿ ಅಂತ ಕೇಳಿದೆ. "ಫುಲ್ ಎಚ್‌ಡಿ ಸಾರ್" ಅಂದರು. ಎದ್ದು ಬಂದೆ, ಆಲ್ಬಂ ಅಣ್ಣನ ನೆನೆಸಿಕೊಂಡು. ಎರಡನೇ ಕಡೆ ಎಎಮ್‌ಡಿ ಬಿಟ್ಟರೆ ಬೇರೆ ಇರಲಿಲ್ಲ. ಮೂರನೇ ಕಡೆ ಬಿಲ್ ಇಲ್ಲದೆ ಆರು ಸಾವಿರ ಕಡಿಮೆ ಮಾಡ್ತೀನಿ ಅಂದರು.

ನಾಲ್ಕನೇ ಅಂಗಡಿ ಮೊದಲ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು. ಅಲ್ಲಿದ್ದ ಹುಡುಗ ತಾನೂ ರೀಲ್ಸ್ ಎಡಿಟ್ ಮಾಡ್ತಾನಂತೆ, ಡೆಮೋ ಮಷಿನ್‌ನಲ್ಲಿ ಪ್ರೀಮಿಯರ್ ಹಾಕಿಟ್ಟಿದ್ದ. ನನ್ನ ಎಸ್‌ಎಸ್‌ಡಿ ಚುಚ್ಚಿದೆ. ಕಾರ್ತಿಕ ಮಾಸದ ಮದುವೆ, 4:2:2, ಅದೇ ತಾಳಿ ಶಾಟ್. ಪ್ಲೇ ಒತ್ತಿದೆ. ಗಂಡಿನ ಕೈ ಕತ್ತಿನ ಹತ್ತಿರ ಹೋಯ್ತು, ನಿಲ್ಲಲಿಲ್ಲ, ಮೂರು ಗಂಟೂ ಬಿತ್ತು. ಅಕ್ಷತೆ ಬಿತ್ತು. ಗಟ್ಟಿಮೇಳ ಕೈ ಜೊತೆಗೇ ಓಡಿತು. ಇದೇ ಶಾಟನ್ನು ನಾನು ಸರಾಗವಾಗಿ ನೋಡಿದ್ದು ಅದೇ ಮೊದಲು. ಅಂಗಡಿಯ ಹುಡುಗ "ಯಾರು ಸಾರ್ ಇವರು, ನಿಮ್ಮ ತಂಗಿನಾ?" ಅಂದ. ನನ್ನ ಮುಖ ಹೇಗಿತ್ತೋ ಏನೋ.

ತಗೊಂಡಿದ್ದು: ಇಂಟೆಲ್ ಐ7, ಆರ್‌ಟಿಎಕ್ಸ್ 5060 8 ಜಿಬಿ, ರ್ಯಾಮ್ 16 (ಒಂದು ಸ್ಲಾಟ್ ಖಾಲಿ), 1 ಟಿಬಿ ಎಸ್‌ಎಸ್‌ಡಿ, ಇನ್ನೊಂದು ಎಸ್‌ಎಸ್‌ಡಿ ಹಾಕೋಕೆ ಜಾಗ ಇದೆ, ಪರದೆ 100% ಎಸ್‌ಆರ್‌ಜಿಬಿ. 1,26,500, ಬಿಲ್ ಸಮೇತ. ರ್ಯಾಮ್ 32 ಮಾಡಿಸೋಣ ಅಂತ ಬೆಲೆ ಕೇಳಿದೆ, ಕೇಳಿ ಸುಮ್ಮನಾದೆ.

ತೂಕ ಮಾತ್ರ ಹುಬ್ಬಳ್ಳಿಯವರು ಹೇಳಿದ ಹಾಗೇ. ಅಡಾಪ್ಟರ್ ನಿಜವಾಗಲೂ ಇಟ್ಟಿಗೆ.

ಎಸ್ ಪಿ ರೋಡ್ ಸುತ್ತಾಟ:
ಒಳ್ಳೇದಾಯ್ತು. ಅದರ ಟಿಜಿಪಿ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ಸಿಗೋ ಪವರ್, ಎಷ್ಟು ವ್ಯಾಟ್ ಅಂತ ನೋಡಿದ್ರಾ? ಒಂದೇ ಕಾರ್ಡನ್ನು ಕೆಲವರು ಕಡಿಮೆ ವ್ಯಾಟ್‌ಗೆ ಕಟ್ಟಿ ಹಾಕಿರ್ತಾರೆ.

ತಿಪಟೂರು ಸ್ಟುಡಿಯೋ:
100 ವ್ಯಾಟ್ ಅಂತ ಡಬ್ಬಿ ಮೇಲಿದೆ. ಇದನ್ನು ನಿನ್ನೆಯೇ ಹೇಳಿದ್ದರೆ ಅದನ್ನೂ ಕೇಳಿ ಹುಡುಗನ ಕೈಯಲ್ಲಿ ಬೈಸಿಕೊಳ್ತಿದ್ದೆ.

ಎಡಿಟರಕ್ಕ:
100 ಇದ್ದರೆ ಸಾಕು. ಮೊದಲ ಕೆಲಸ, ಕ್ಯಾಮೆರಾ ಸೆಟ್ಟಿಂಗ್ ವಾಪಸ್ 4:2:2ಗೆ ಹಾಕಬೇಡಿ!

ತಿಪಟೂರು ಸ್ಟುಡಿಯೋ:
ಈಗ ಓಡುತ್ತಲ್ಲ ಅಕ್ಕ? ದುಡ್ಡು ಕೊಟ್ಟಿದ್ದೀನಿ.

ಎಡಿಟರಕ್ಕ:
ಹಾಕ್ತೀರಿ ಅಂತ ಗೊತ್ತಿತ್ತು. ಹೋಗಲಿ, ಮಂತ್ರಕ್ಕಾದರೂ 25ಪಿ ಹಾಕಿ.

ಮಲೆನಾಡ ಮಳೆ:
ಪುರೋಹಿತರ ಪರವಾಗಿ ಧನ್ಯವಾದ.

ರಿಪೇರಿ ರಾಜಣ್ಣ:
ಹಳೇದನ್ನು ಎಸೆಯಬೇಡಿ. ಬೇರೆ ಬ್ಯಾಟರಿ ಹಾಕಿಸಿದರೆ ಆಲ್ಬಂ ಡಿಸೈನ್‌ಗೆ ಇನ್ನೂ ಬರುತ್ತೆ.

ತಿಪಟೂರು ಸ್ಟುಡಿಯೋ:
ಮನೆಯವರು ಆಗಲೇ ತಗೊಂಡಾಯ್ತು, ಆಲ್ಬಂ ಅವರೇ ಮಾಡೋದು. ಬಾಮೈದ ಈಗ ಫೋನ್ ಮಾಡಿ "ಮ್ಯಾಕ್ ತಗೊಂಡ್ರಾ ಭಾವ" ಅಂದ. ಕೇಳಿಸ್ತಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಇಟ್ಟೆ.

ಗೇಮರ್ ಗುಂಡ:
ಅಣ್ಣ, ಎಲ್ಲ ಸರಿ. 5060 ತಗೊಂಡಿದ್ದೀರಿ, ಗೇಮ್ ಯಾವುದು ಹಾಕಿದ್ರಿ?